ಕರಗಿಸಿದ ಮೇಲೆ ಉಳಿಯುವುದೇನು?

ಹಳೆಯ ನಾಣ್ಯವೊಂದು ಕೈಗೆ ಬಂದೊಡನೆ ನಮ್ಮ ಕಾರಟಗಿಯ ಮಹನೀಯರು ಕೇಳುವ ಪ್ರಶ್ನೆಯು ಒಂದೇ: ಇದಕ್ಕೆ ಎಷ್ಟು ಬರುತ್ತದೆ? ಪತ್ತಾರರ ತಕ್ಕಡಿಯು ಒಂದು ಉತ್ತರವನ್ನು ಕೊಡುತ್ತದೆ. ಮೊಬೈಲಿನಲ್ಲಿ ಹರಿದಾಡುವ ಸುದ್ದಿಯು ಮತ್ತೊಂದನ್ನು. ಎರಡೂ ಸುಳ್ಳು. ಹೀಗೆಂದುದಕ್ಕೆ ಕೋಪಿಸುವವರು ಕೋಪಿಸಲಿ.

ಟ್ರ್ಯಾಕ್ಟರಿನ ಚಿತ್ರವುಳ್ಳ ಐದು ರೂಪಾಯಿಯ ನೋಟಿಗೆ ಲಕ್ಷಗಟ್ಟಲೆ ಬೆಲೆಯುಂಟೆಂದು ನಂಬಿ, ಮುಂಗಡವಾಗಿ ಶುಲ್ಕ ಕಟ್ಟಿ ಮೋಸಹೋದವರಿದ್ದಾರೆ. ತನ್ನ ಹೆಸರು ಹೇಳಿ ಇಂತಹ ಶುಲ್ಕವನ್ನು ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಓದುಬಲ್ಲ ಮನೆಗಳವರೂ ನಂಬುವರಲ್ಲಾ ಎಂಬುದೇ ವ್ಯಥೆ. ಇರಲಿ, ಅಲ್ಲಿ ಹೋಗುವುದು ಒಬ್ಬನ ದುಡ್ಡು. ಕುಲುಮೆಯಲ್ಲಿ ಹೋಗುವುದು ಊರಿನ ಚರಿತ್ರೆ.

ರೂಪಾಯಿ ಎಂಬ ಮಾತು ರೂಪ್ಯ ಶಬ್ದದಿಂದ ಬಂದುದು. ರೂಪವನ್ನು ಒತ್ತಿದುದೇ ರೂಪ್ಯವೆಂದು ಪಾಣಿನಿಯು ಅದನ್ನು ಸಾಧಿಸಿದ್ದಾನೆ. (ನಮ್ಮ 'ಹಣ'ವೂ ಸಂಸ್ಕೃತದ 'ಪಣ'ವೇ, ಪಕಾರವು ಹಕಾರವಾಗಿದೆ, ಅಷ್ಟೆ.) ಒತ್ತಿದ ರೂಪವನ್ನೇ ಅಳಿಸಿದರೆ ಉಳಿಯುವುದು ಲೋಹವೇ ಹೊರತು ನಾಣ್ಯವಲ್ಲ.

ನೆರೆಯ ಆನೆಗೊಂದಿ, ಹಂಪೆಗಳನ್ನೇ ನೋಡಿರಿ. 1443ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಲೆಕ್ಕವನ್ನು ಬರೆದಿಟ್ಟಿದ್ದಾನೆ: ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಹಣ, ಹಣದ ಆರರಲ್ಲೊಂದು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ತಾಮ್ರದ ಜಿತಲ್. ಅಂದರೆ ವರಹವೊಂದಕ್ಕೆ 360 ಜಿತಲ್. ಕೃಷ್ಣದೇವರಾಯನ ವರಹದ ಮೇಲೆ ಬಾಲಕೃಷ್ಣನಿದ್ದಾನೆ. ಅಚ್ಯುತರಾಯನದರ ಮೇಲೆ ಗಂಡಭೇರುಂಡ. ವರಹವನ್ನು ಕರಗಿಸುವವನಿಗೆ ಲೋಭವೆಂಬ ಕಾರಣವಾದರೂ ಉಂಟು. ತಾಮ್ರದ ಕಾಸನ್ನು ಗುಜರಿಗೆ ಹಾಕುವವನಿಗೆ ಅದೂ ಇಲ್ಲ. ನಮ್ಮ ತಂದೆಯವರ ಕಾಲದ, ಚಾರ್ಮಿನಾರಿನ ಮುದ್ರೆಯ ಹಾಲಿ ಸಿಕ್ಕಾ ರೂಪಾಯಿಗೂ ಇದೇ ಗತಿ. ಏಳು ಹಾಲಿಗೆ ಆರು ಕಲ್ದಾರ ಎಂದು ಲೆಕ್ಕ ಹಾಕುತ್ತಿದ್ದರು. 1959ರಲ್ಲಿ ಅದರ ಚಲಾವಣೆ ನಿಂತಿತು. ಎಷ್ಟೋ ಮನೆಗಳಲ್ಲಿ ಕಾಲುಂಗುರವಾಯಿತು.

ಪರರನ್ನು ದೂಷಿಸುವ ನಾನೂ ನಿರ್ದೋಷಿಯಲ್ಲ. ಶಾಲೆಗೆ ಸೇರಿದ ಹೊಸತರಲ್ಲಿ ಹುಡುಗನೊಬ್ಬನು ಹೊಲದಲ್ಲಿ ಸಿಕ್ಕ ಕಾಸೊಂದನ್ನು ತಂದುಕೊಟ್ಟನು. ಒಂದು ಆನೆ, ಮೇಲೆ ಎರಡು ಮೂರು ಮಸುಕಾದ ಅಕ್ಷರಗಳು. ಸ್ಪಷ್ಟವಾಗಿ ಕಾಣಲೆಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆನು. ಕಾಸು ಹೊಳೆಯಿತು, ಅಕ್ಷರಗಳು ಹೋದವು. ಯಾವ ಹೊಲವೆಂದು ಹುಡುಗನನ್ನು ಕೇಳಲೂ ಇಲ್ಲ. ಯಾವ ಪತ್ತಾರನೂ ಇದಕ್ಕಿಂತ ಹೆಚ್ಚಿನ ಹಾನಿ ಮಾಡಲಾರನು.

"ಸರಕಾರಕ್ಕೆ ತಿಳಿಸಿದರೆ ಎಲ್ಲವನ್ನೂ ಕಸಿದುಕೊಳ್ಳುವರು" ಎಂದು ಆಕ್ಷೇಪಿಸುವವರುಂಟು. ಇದು ಅರ್ಧಜ್ಞಾನದ ಮಾತು. ಇಂಗ್ಲಿಷರ ಕಾಲದ 1878ರ ನಿಧಿ ಕಾಯಿದೆಯೂ ಸಿಕ್ಕವನಿಗೆ ಪಾಲನ್ನು ಹೇಳಿತ್ತು. ಪಾಲು ತಪ್ಪುತ್ತಿದ್ದುದು, ಶಿಕ್ಷೆ ಒದಗುತ್ತಿದ್ದುದು ಮುಚ್ಚಿಟ್ಟವನಿಗೆ.

ಆದುದರಿಂದ ವಾಚಕರಲ್ಲಿ ನನ್ನ ಬೇಡಿಕೆ ಇಷ್ಟೇ. ಗಡಿಗೆ ತುಂಬ ನಿಧಿ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿರಿ. ಪೆಟ್ಟಿಗೆಯಲ್ಲಿ ಒಂದೆರಡು ಬಿಡಿ ಕಾಸುಗಳಿದ್ದರೆ ತೊಳೆಯಬೇಡಿರಿ, ತಿಕ್ಕಬೇಡಿರಿ. ಎಲ್ಲಿ, ಎಂದು, ಯಾರಿಗೆ, ಯಾವುದರ ಜೊತೆಗೆ ಸಿಕ್ಕಿತೆಂಬುದನ್ನು ಚೀಟಿಯಲ್ಲಿ ಬರೆದಿಟ್ಟು, ಹಂಪೆಗೆ ಹೋದಾಗ ಕಮಲಾಪುರದ ವಸ್ತುಸಂಗ್ರಹಾಲಯದವರಿಗೆ ತೋರಿಸಿರಿ.