ಕಾಲುವೆಯ ದೋಣಿಯೂ ನಮ್ಮ ವೃಷಭಾವತಿಯೂ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಮೊಮ್ಮಕ್ಕಳನ್ನು ನೋಡಲೆಂದು ಹೋದ ಹಿರಿಯರು ಥೇಮ್ಸ್ ನದಿಯ ದಡದಲ್ಲಿ ೨೦೧೫ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಶರಣೆಂದು ಬರುತ್ತಾರೆ. ಆ ನಾಡಿನಲ್ಲಿ ನಾವು ನೋಡಿ ಕಲಿಯಬೇಕಾದ ನೀರು ಇನ್ನೊಂದಿದೆ. ಅದು ನದಿಯಲ್ಲ; ಶ್ರಮಿಕರು ಗುದ್ದಲಿ ಹಿಡಿದು ತೋಡಿದ ಕಾಲುವೆ.

ಅಲ್ಲಿ ಸಾಗುವ ದೋಣಿಗೆ ‘ನ್ಯಾರೋಬೋಟ್’ ಎಂದು ಹೆಸರು. ಅಗಲ ೭ ಅಡಿಗೂ ಕಡಿಮೆ. ಉದ್ದ ಮಾತ್ರ ೭೦ ಅಡಿಯವರೆಗೂ ಇರಬಹುದು. ಒಳಗೆ ಅಡುಗೆಗೆ, ಮಲಗುವುದಕ್ಕೆ ಸ್ಥಳ, ಮೈ ಬೆಚ್ಚಗಿಡಲು ಕಬ್ಬಿಣದ ಒಲೆ. ನಮ್ಮ ಹಳೆಯ ವಠಾರದ ಮನೆಯೊಂದು ನೀರಿನ ಮೇಲೆ ಹೊರಟಂತೆ! ಡಿಸೆಂಬರಿನಲ್ಲಿ ಅಲ್ಲಿ ಬೆಳಗಾಗುವುದೇ ಎಂಟು ಗಂಟೆಗೆ; ನಾಲ್ಕಕ್ಕೆ ಹೊತ್ತು ಮುಳುಗುತ್ತದೆ. ಚುಕ್ಕಾಣಿ ಹಿಡಿದವರು ದೋಣಿಯ ಹಿಂಬದಿಯಲ್ಲಿ ಬಯಲಿನಲ್ಲೇ ನಿಂತು ಚಳಿಗಾಳಿಯನ್ನು ಸಹಿಸಬೇಕು. ಕೆಲವು ದಿನ ನೀರಿನ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟಿ, ದೋಣಿ ಅದನ್ನು ಸೀಳಿಕೊಂಡು ಹೋಗುತ್ತದೆ. ವೇಗದ ಮಿತಿ ಗಂಟೆಗೆ ೪ ಮೈಲಿ, ಎಂದರೆ ಚುರುಕಾಗಿ ನಡೆಯುವವರ ವೇಗ. ಅದನ್ನು ಮೀರಿದರೆ ಅಲೆಯೆದ್ದು ದಡದ ಮಣ್ಣು ಕುಸಿಯುತ್ತದೆ.

ನೆಲ ಏರುವಲ್ಲಿ, ಇಳಿಯುವಲ್ಲಿ ‘ಲಾಕ್’ ಎಂಬ ಜಲದ್ವಾರಗಳಿವೆ. ಎರಡು ಬಾಗಿಲುಗಳ ನಡುವಿನ ತೊಟ್ಟಿಗೆ ನೀರು ತುಂಬಿದರೆ ದೋಣಿ ಮೇಲೇರುತ್ತದೆ, ಬಸಿದರೆ ಕೆಳಗಿಳಿಯುತ್ತದೆ. ಹೆಚ್ಚಿನ ಕಡೆಗಳಲ್ಲಿ ಈ ಕೆಲಸವನ್ನು ಪ್ರಯಾಣಿಕರೇ ದಡಕ್ಕಿಳಿದು ತಮ್ಮ ಕೈಯಿಂದ ಮಾಡಬೇಕು. ನೀರು ವ್ಯರ್ಥವಾಗದಂತೆ ಬಾಗಿಲು ಮುಚ್ಚಿಯೇ ಮುಂದೆ ಹೋಗಬೇಕು. ಚಳಿಗಾಲವು ದುರಸ್ತಿಯ ಕಾಲವೂ ಹೌದು. ಸಂಚಾರ ವಿರಳವಾಗಿರುವ ಆ ತಿಂಗಳುಗಳಲ್ಲಿ ಅಲ್ಲಲ್ಲಿ ಜಲದ್ವಾರಗಳ ನೀರು ಬಸಿದು, ಸವೆದ ಬಾಗಿಲು ಬದಲಿಸಿ, ಗೋಡೆ ಸರಿಪಡಿಸುತ್ತಾರೆ.

ಈ ಕಾಲುವೆಗಳು ಹುಟ್ಟಿದ್ದು ವಿಹಾರಕ್ಕಲ್ಲ. ೧೭೬೧ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆ ವರ್ಸ್ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಿತು. ದಡದ ಹಾದಿಯಲ್ಲಿ ಕುದುರೆಗಳು ದೋಣಿಗಳನ್ನೆಳೆದವು. ರೈಲು ಬಂದ ಮೇಲೆ ಆ ವೈಭವ ಇಳಿಯಿತು. ಎರಡನೆಯ ಮಹಾಯುದ್ಧದ ವೇಳೆಗೆ ಎಷ್ಟೋ ಕಾಲುವೆಗಳು ಹೂಳು ತುಂಬಿ, ಕಸದ ಹೊಂಡಗಳಾಗಿದ್ದವು. ಆಗ ರೋಲ್ಟ್ ಎಂಬ ಲೇಖಕರು ತಮ್ಮ ದೋಣಿಯಾನದ ಕುರಿತು ೧೯೪೪ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ೧೯೪೬ರಲ್ಲಿ ಜಲಮಾರ್ಗಗಳ ಉಳಿವಿಗಾಗಿ ಸಂಘವೊಂದು ಹುಟ್ಟಿತು. ಸ್ವಯಂಸೇವಕರು ರಜೆಯ ದಿನಗಳಲ್ಲಿ ಕೆಸರಿಗಿಳಿದು ಹೂಳೆತ್ತಿದರು. ದಶಕಗಳ ದುಡಿಮೆಯ ನಂತರ ೮೭ ಮೈಲಿಯ ಕೆನೆಟ್-ಏವನ್ ಜಲಮಾರ್ಗವು ೧೯೯೦ರಲ್ಲಿ ಪುನಃ ತೆರೆಯಿತು.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ವೃಷಭಾವತಿಯು ಉಗಮಿಸುತ್ತಾಳೆಂಬುದು ಹಿರಿಯರಿಂದ ಬಂದ ನಂಬಿಕೆ. ಅವಳು ಅರ್ಕಾವತಿಯನ್ನು ಸೇರಿ, ಅರ್ಕಾವತಿಯು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಜೀವನದಿಯಿಲ್ಲದ ಈ ಊರಿನಲ್ಲಿ ಪೂರ್ವಿಕರು ಕೆರೆ ಕಟ್ಟಿ, ಒಂದು ಕೆರೆಯ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳನ್ನು ತೋಡಿದರು. ಅವುಗಳಲ್ಲಿ ಧರ್ಮಾಂಬುಧಿ ಬತ್ತಿ ಬಸ್ ನಿಲ್ದಾಣವಾಯಿತು, ಕೆಂಪಾಂಬುಧಿ ಉಳಿದಿದೆ. ವೃಷಭಾವತಿಯಾದರೋ ಊರಿನ ಕೊಳೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಸಾಗುವ ಮೋರಿಯಾದಳು. ಸುಮಾರು ೧೦೦ ಕಿಲೋಮೀಟರು ದೂರದಿಂದ ಎತ್ತಿ ತಂದ ಕಾವೇರಿಯನ್ನು ಕುಡಿದು, ನಮ್ಮ ಕೊಳೆಯನ್ನು ಅದೇ ಕಾವೇರಿಗೆ ಕಳುಹಿಸುತ್ತಿದ್ದೇವೆ. ಹೆಸರಿನಲ್ಲೇ ವೃಷಭನನ್ನು ಧರಿಸಿದ ಹೊಳೆಗೆ ನಾವು ಸಲ್ಲಿಸಿದ ಕಾಣಿಕೆ ಇದೇ ಏನು?

ನೀರಿನ ಸೇವೆ ಶರಣರಿಗೆ ಹೊರಗಿನದಾಗಿರಲಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕರ್ಮಯೋಗಿಗಳು. ತುಂಗಭದ್ರೆಯ ದಡದ ಚೌಡಯ್ಯದಾನಪುರದಲ್ಲಿ ಇಂದಿಗೂ ಸ್ಮರಣೀಯರಾದ ಅಂಬಿಗರ ಚೌಡಯ್ಯನವರಿಗೆ ದೋಣಿ ನಡೆಸುವುದೇ ಕಾಯಕ. ಅವರನ್ನು ಕೊಂಡಾಡುವ ನಾವು ನಮ್ಮ ಬೀದಿಯ ಕಾಲುವೆಯ ಬಳಿ ಮೂಗು ಮುಚ್ಚಿಕೊಂಡು ನಡೆದರೆ ಆ ಸ್ಮರಣೆಗೆ ಬೆಲೆಯೇನು?

ಆದ್ದರಿಂದ ಪ್ರತಿಯೊಂದು ಮನೆಯೂ ಮೊದಲು ತನ್ನ ಕೊಳವೆಯನ್ನು ನೋಡಿಕೊಳ್ಳಲಿ. ಬಚ್ಚಲು, ಅಡುಗೆಮನೆಗಳ ನೀರು ಒಳಚರಂಡಿಗೇ ಹೋಗಬೇಕು, ಮಳೆನೀರಿನ ಚರಂಡಿಗಲ್ಲ. ಬಾಡಿದ ಪೂಜೆಯ ಹೂಪತ್ರೆ ಗಿಡದ ಬುಡಕ್ಕೆ ಗೊಬ್ಬರವಾಗಲಿ. ದೊಡ್ಡ ನಿವೇಶನಗಳ ಮನೆಗಳಲ್ಲಿ ಮಳೆನೀರು ಸಂಗ್ರಹವನ್ನು ೨೦೦೯ರಲ್ಲೇ ಕಡ್ಡಾಯಗೊಳಿಸಲಾಗಿದೆ. ದಂಡಕ್ಕೆ ಅಂಜಿಯಲ್ಲ, ನೀರಿನ ಮೇಲಿನ ಗೌರವದಿಂದ ಅದನ್ನು ಪಾಲಿಸೋಣ.

ಆಂಗ್ಲರಿಗೆ ಚಳಿಗಾಲ ದುರಸ್ತಿಯ ಕಾಲವಾದರೆ, ನಮಗೆ ಮಳೆಗೆ ಮುಂಚಿನ ವೈಶಾಖವೇ ಹೂಳೆತ್ತುವ ಕಾಲ. ಬಸವ ಜಯಂತಿ ಬರುವುದೂ ವೈಶಾಖದಲ್ಲಿಯೇ. ಮೆರವಣಿಗೆ ನಡೆಯಲಿ, ದಾಸೋಹವೂ ನಡೆಯಲಿ. ಅದರೊಡನೆ ನಮ್ಮ ಬಡಾವಣೆಯ ಸಂಘಗಳು ಅಧಿಕಾರಿಗಳೊಂದಿಗೆ ಕೂಡಿ ಕೆಂಪಾಂಬುಧಿಯ ದಂಡೆಗೋ ಸಮೀಪದ ಚರಂಡಿಯ ಅಂಚಿಗೋ ಒಂದು ಮುಂಜಾವನ್ನು ಮೀಸಲಿಡಲಿ. ವೃಷಭಾವತಿಯಲ್ಲಿ ದೋಣಿ ತೇಲುವ ದಿನವನ್ನು ನಾವು ಕಾಣಲಾರೆವೇನೋ. ಅವಳ ದಡದಲ್ಲಿ ಮೊಮ್ಮಕ್ಕಳು ಮೂಗು ಮುಚ್ಚದೆ ನಿಲ್ಲುವಂತಾದರೂ ಆಗಲಿ.