ಪೊರೆಗೆ ಮಾತ್ರೆಯಿಲ್ಲ ಸ್ವಾಮಿ

ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸುವ ನಮ್ಮ ಮಾವನಿಗೆ ಈಗ ತುಂಡಾದ ಎಳೆ ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. 'ಪೊರೆ ಬಂದೈತೆ. ಇದು ನುಂಗ್ತಿದ್ರೆ ಬೆಳೆಯಲ್ವಂತೆ ಕಣಪ್ಪ' ಎನ್ನುತ್ತ ಅಂಗಿ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ಜೊತೆಗೆ ಬೀಡಿ ಕಟ್ಟೂ ಈಚೆ ಬಂತು. ಪಟ್ಟಿಯ ಹಿಂಬದಿ ಇರುವೆ ಸಾಲಿನಂಥ ಅಕ್ಷರಗಳು: ಬೀಟಾ ಕೆರೋಟಿನ್, ವಿಟಮಿನ್ ಸಿ, ವಿಟಮಿನ್ ಇ, ಸತು. ಪೊರೆ ಬಂದವರು ಅದನ್ನು ಓದುವುದು ಹೇಗೋ!

ಈ ಆಂಟಿಆಕ್ಸಿಡೆಂಟ್ ಮಾತ್ರೆಗಳೆಲ್ಲ ಹೆಸರು ಹೇಳಿಕೊಳ್ಳುವುದು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಅದು ಸುಳ್ಳಲ್ಲ. ಕಣ್ಣಿನ ಹಿಂಪದರದ ನಡುಭಾಗ, ಅಂದರೆ ಮ್ಯಾಕ್ಯುಲಾ, ವಯಸ್ಸಿನಿಂದ ಸವೆದು ನಡುಹಂತ ಮುಟ್ಟಿದವರಲ್ಲಿ ರೋಗ ಉಲ್ಬಣಿಸುವ ಅಪಾಯ ಐದು ವರ್ಷಗಳಲ್ಲಿ ಸುಮಾರು 25% ತಗ್ಗಿತ್ತು. ಅಂಥವರಿಗೆ ಕಣ್ಣಿನ ವೈದ್ಯರು ಬರೆದುಕೊಟ್ಟಿದ್ದರೆ ಬಿಡದೆ ನುಂಗಲಿ, ನನ್ನ ತಕರಾರಿಲ್ಲ. ಆದರೆ ಕಣ್ಣು ಚೆನ್ನಾಗಿರುವವರಿಗೆ ರೋಗವೇ ಬಾರದಂತೆ ಇದು ಕಾಯುತ್ತದೆ ಎಂದು ಆ ಅಧ್ಯಯನ ಹೇಳಲಿಲ್ಲ. ಪೊರೆಯ ಮಟ್ಟಿಗಂತೂ ಈ ಆಂಟಿಆಕ್ಸಿಡೆಂಟ್‌ಗಳಿಂದ ಏನೂ ಉಪಯೋಗ ಕಾಣಲಿಲ್ಲ ಎಂದು ಅದೇ ಹೇಳಿದೆ. ಮಾರುವವರು ಅರ್ಧ ಓದಿ ಪುಸ್ತಕ ಮಡಚಿದ್ದಾರೆ.

'ವಿಟಮಿನ್ ತಾನೆ, ನಷ್ಟವೇನು?' ಎನ್ನುವವರು ಫಿನ್ಲೆಂಡಿನ ಕಡೆ ನೋಡಲಿ. ಧೂಮಪಾನಿಗಳಾದ 29 ಸಾವಿರ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೀಟಾ ಕೆರೋಟಿನ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿ ಬಂತು. ಅಮೆರಿಕದವರೂ ತಮ್ಮ ಎರಡನೇ ಅಧ್ಯಯನದ ನಂತರ, 2013ರಲ್ಲಿ, ಅದರ ಬದಲಿಗೆ ಲ್ಯೂಟಿನ್, ಝಿಯಾಕ್ಸಾಂಥಿನ್ ಸೂಚಿಸಿದರು. ಮಾವನ ಜೇಬಿಗೆ ಮಾತ್ರ ಇನ್ನೂ ಹಳೆಯ ಸೂತ್ರವೇ, ಅದೂ ಬೀಡಿಯ ಪಕ್ಕದಲ್ಲಿ. (ಲ್ಯೂಟಿನ್ ನಮ್ಮ ಸೊಪ್ಪಿನ ಸಾರಿನಲ್ಲೂ ಇದೆ. ಹಾಗೆಂದು ಸೊಪ್ಪು ಪೊರೆ ಕರಗಿಸುತ್ತದೆ ಎಂದು ಯಾರೂ ಹೊಸ ಕತೆ ಕಟ್ಟಬೇಡಿ.)

ಪೊರೆ, ಗ್ಲಾಕೋಮಾ ವಾಸಿಮಾಡುತ್ತೇವೆ, ತಡೆಯುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಅದಕ್ಕೇ ಡಬ್ಬಿಯ ಮೇಲೆ 'ಕಣ್ಣಿನ ಆರೋಗ್ಯಕ್ಕೆ' ಎಂಬ ಜಾಣ ಮಾತು. ಉಳಿದದ್ದನ್ನು ಅಂಗಡಿಯ ಗಲ್ಲಾದ ಮುಂದೆ ಬಾಯಲ್ಲೇ ಹೇಳುತ್ತಾರೆ, ಅದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಐವತ್ತು ದಾಟಿದವರ ಕುರುಡಿಗೆ ಮೊದಲ ಕಾರಣ ಪೊರೆ. ಮಾತ್ರೆ ನಂಬಿ ಕೂತ ಎರಡು ವರ್ಷ ಮಾವ ಕಳೆದುಕೊಂಡದ್ದು ದುಡ್ಡಷ್ಟೇ ಅಲ್ಲ, ಕೂಲಿ ಕೂಡ. ಆರೋಗ್ಯ ಇಲಾಖೆ ನೆಲಮಂಗಲದಿಂದ ಹೊಸಕೋಟೆಯವರೆಗೆ ಪ್ರತಿ ಔಷಧಿ ಅಂಗಡಿಯ ಮುಂದೆ, ಪೊರೆ ಬಂದ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆಸಲಿ: ಪೊರೆಗೆ ಮಾತ್ರೆಯಿಲ್ಲ, ಆಪರೇಷನ್ ಇದೆ, ಸರ್ಕಾರಿ ಆಸ್ಪತ್ರೆಗೆ ಬನ್ನಿ.