ಮಳೆ ಪುಸ್ತಕದ ಖಾಲಿ ಗೂಡುಗಳು

ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಿಗೆ ಮಳೆಗಾಲದಲ್ಲಿ ಹೋದರೆ ಕುಡಿಯಲು ಕಾಫಿ ಬರುವ ಮೊದಲೇ ಬರುವ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಇದು ಜಮೀನಿನ ಸೆಂಟ್ ಅಲ್ಲ, ಮಳೆಯ ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಅಂಗಳದ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವುದು ಹಲವು ಮನೆಗಳ ವಾಡಿಕೆ. ಹೂಮಳೆ ಒಂದು ಇಂಚು ಬಂತೋ, ಮೂವತ್ತು ಸೆಂಟಿಗೇ ನಿಂತಿತೋ ಎಂಬುದರ ಮೇಲೆ ರೊಬಸ್ಟಾ ಫಸಲು ನಿಂತಿರುವಾಗ ಲೆಕ್ಕ ಇಡದೆ ವಿಧಿಯಿಲ್ಲ.

ಪಿಯುಸಿ ಓದುತ್ತಿರುವ ನನ್ನ ಶಿಷ್ಯನೊಬ್ಬ ಅಜ್ಜನ ಇಂತಹ ಪುಸ್ತಕಗಳನ್ನು ರಜೆಯಲ್ಲಿ ಕಂಪ್ಯೂಟರಿಗೆ ಏರಿಸಿದ. 1984ರಿಂದ 2023ರವರೆಗೆ ನಲವತ್ತು ವರ್ಷ, ಒಟ್ಟು 14,610 ದಿನ. ಯಾವ ವರ್ಷದ ಜುಲೈನಲ್ಲಿ ಎಷ್ಟು ಮಳೆ ಎಂದು ನಕ್ಷೆ ಬಿಡಿಸಲು ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆದ. ಪುಟ ತೆರೆದರೆ ಯಂತ್ರ ಮರಗಟ್ಟಿ ಕೂರುತ್ತಿತ್ತು. ಅವನ ತಂದೆ ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಕಂಪ್ಯೂಟರ್ ಹಳೇದಾಯ್ತು ಅಂತಾನೆ. ಹೊಸದಕ್ಕೆ ಐವತ್ತು ಸಾವಿರವಂತೆ. ಕಾಳುಮೆಣಸು ಮಾರಿ ಕೊಡಿಸಿಬಿಡಲಾ?"

ಮೊದಲು ಪ್ರೋಗ್ರಾಂ ನೋಡೋಣ, ಮೆಣಸು ಅಟ್ಟದಲ್ಲೇ ಇರಲಿ ಎಂದೆ.

ಅರೇ ಎಂದರೆ ಒಂದರ ಪಕ್ಕ ಒಂದು ಜೋಡಿಸಿದ ಗೂಡುಗಳು ಎಂದು ತರಗತಿಯಲ್ಲಿ ಹೇಳಿಕೊಡುತ್ತೇವೆ. ನಾನೂ ಹಾಗೆಯೇ ಹೇಳಿದ್ದೆ. ಗೂಡುಗಳೆಲ್ಲ ಒಂದೇ ಅಳತೆಯವಾದರೆ ಐನೂರನೆಯ ಗೂಡು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಒಂದು ಗುಣಾಕಾರ, ಒಂದು ಸಂಕಲನ, ಅಷ್ಟೇ. ಆದರೆ 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟ ಈ ಭಾಷೆಯ ಅರೇ ಬಹಳ ಉದಾರಿ. ಒಂದು ಗೂಡಿನಲ್ಲಿ ಸಂಖ್ಯೆ, ಪಕ್ಕದಲ್ಲಿ ಪದ, ಆಚೆ ಏನೂ ಇಲ್ಲ, ಎಲ್ಲಕ್ಕೂ ಒಪ್ಪಿಗೆ. ಈ ಔದಾರ್ಯವನ್ನು ಉಳಿಸಿಕೊಂಡೇ ವೇಗ ತರುವುದು ಇಂಜಿನ್ನಿನ ಕೆಲಸ. ಕ್ರೋಮ್ ಬ್ರೌಸರಿನ ಇಂಜಿನ್ನಿನ ಹೆಸರು ವಿ8. ಲಾರ್ಸ್ ಬಾಕ್ ಎಂಬ ಡೆನ್ಮಾರ್ಕಿನ ತಜ್ಞರ ಮುಂದಾಳತ್ವದಲ್ಲಿ ತಯಾರಾಗಿ 2008ರಲ್ಲಿ ಹೊರಬಂತು.

ನಾವು ಅರೇಯಲ್ಲಿ ಏನು ತುಂಬುತ್ತೇವೆಂದು ವಿ8 ಗಮನಿಸುತ್ತಿರುತ್ತದೆ. ಮಳೆಯನ್ನು ಸೆಂಟಿನಲ್ಲಿ 145, 320 ಎಂದು ಬರೆದರೆ ಅವು ಚಿಕ್ಕ ಪೂರ್ಣಾಂಕಗಳು. ಈಗಿನ ಕ್ರೋಮ್‌ನಲ್ಲಿ ಒಂದೊಂದಕ್ಕೆ 4 ಬೈಟ್ ಸಾಕು. ಅದೇ ಮಳೆಯನ್ನು ಇಂಚಿನಲ್ಲಿ 1.45 ಎಂದು ಬರೆದರೆ ದಶಮಾಂಶ. 8 ಬೈಟ್ ಬೇಕು. (ಸೆಂಟಿನಿಂದ ಇನ್ನೊಂದು ಲಾಭವೂ ಉಂಟು. ಕಂಪ್ಯೂಟರಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ಕೊನೆಯಲ್ಲೊಂದು ಚೂರು ಬಾಲ ಉಳಿಯುತ್ತದೆ. ಮಾಡಿ ನೋಡಿ.) ನಡುವೆ ಒಂದು ದಿನ "ಜೋರು ಮಳೆ" ಎಂದು ಪದ ಬರೆದಿರೋ, ಇಡೀ ಅರೇ ಏನು ಬೇಕಾದರೂ ಇರಬಹುದಾದ ಸಾಮಾನ್ಯ ವರ್ಗಕ್ಕೆ ಇಳಿಯುತ್ತದೆ. ಆ ಪದವನ್ನು ಆಮೇಲೆ ಅಳಿಸಿ ಸಂಖ್ಯೆ ಹಾಕಿದರೂ ಸಾಮಾನ್ಯವಾಗಿ ಹಿಂದಿನ ವರ್ಗಕ್ಕೆ ಏರುವುದಿಲ್ಲ. ಚೆರಿ ಮಾಡಲೆಂದು ಕಣದಲ್ಲಿ ಇಡಿಯಾಗಿ ಒಣಗಿಸಿದ ಹಣ್ಣು ಮತ್ತೆ ಪಾರ್ಚ್‌ಮೆಂಟ್ ಆದೀತೇ?

ಖಾಲಿ ಗೂಡಿನ ಕತೆಯೂ ಇದೇ. ಅಜ್ಜ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ಪುಸ್ತಕದಲ್ಲಿ ಏನೂ ಬರೆದಿಲ್ಲ. ಹುಡುಗ ಆ ಗೂಡುಗಳನ್ನು ಹಾಗೇ ಬಿಟ್ಟಿದ್ದ. ಖಾಲಿ ಗೂಡು ಸಿಕ್ಕರೆ ಇಂಜಿನ್ "ಇಲ್ಲ" ಎಂದು ತಟ್ಟನೆ ಹೇಳುವಂತಿಲ್ಲ. ಆ ಅರೇಯ ಮೂಲ ಮಾದರಿಯಲ್ಲಿ ಏನಾದರೂ ಇದೆಯೇ ಎಂದು ನೋಡಬೇಕೆಂಬುದು ಭಾಷೆಯ ನಿಯಮ. ಹಾಗಾಗಿ ತೂತಿರುವ ಅರೇಗೆ ಬೇರೆಯೇ ವರ್ಗ.

ಇಷ್ಟಾದರೂ ಒಂದು ಮಾತು ಹೇಳಿಬಿಡಬೇಕು. ಹದಿನಾಲ್ಕು ಸಾವಿರ ಅಂಕಿಗಳಿಗೆ ಈ ವ್ಯತ್ಯಾಸಗಳೆಲ್ಲ ಕಣ್ಣಿಗೆ ಕಾಣುವಷ್ಟು ದೊಡ್ಡವಲ್ಲ. ಯಂತ್ರ ಮರಗಟ್ಟಲು ಕಾರಣ ಬೇರೆ. ಹುಡುಗ ತಾರೀಖನ್ನೇ ಗೂಡಿನ ಸಂಖ್ಯೆ ಮಾಡಿದ್ದ! 2023ರ ಜುಲೈ 15ರ ಮಳೆಯನ್ನು 20230715ನೇ ಗೂಡಿನಲ್ಲಿ ಇಟ್ಟಿದ್ದ. ಓದಲು ಚೆನ್ನ. ಆದರೆ ಅರೇಯ ಉದ್ದ ಎರಡು ಕೋಟಿ ದಾಟಿತು, ಒಳಗಿರುವುದು ಮಾತ್ರ 14,601 ಅಂಕಿ. ಇಷ್ಟು ಬಿರುಕು ಕಂಡ ಕೂಡಲೇ ವಿ8 ಸಾಲು ಗೂಡುಗಳನ್ನೇ ಕೈಬಿಟ್ಟು ನಿಘಂಟಿನ ರೂಪಕ್ಕೆ ಹೋಗುತ್ತದೆ. ಪ್ರತಿ ಸಂಖ್ಯೆಯನ್ನೂ ಪಟ್ಟಿಯಲ್ಲಿ ಹುಡುಕಿಯೇ ತೆಗೆಯಬೇಕು. ಇದರಿಂದ ಜಾಗ ಉಳಿಯಿತು, ವೇಗ ಹೋಯಿತು. ಸಾಲದ್ದಕ್ಕೆ ಸೊನ್ನೆಯಿಂದ ಕೊನೆಯವರೆಗೆ ಎರಡು ಕೋಟಿ ಸಲ ಸುತ್ತುವ ಲೂಪ್ ಬರೆದಿದ್ದ, ಅದೂ ನಲವತ್ತು ವರ್ಷಗಳಿಗೆ ನಲವತ್ತು ಸಲ! ಒಂದು ಅಂಕಿ ಸಿಗಲು ಸಾವಿರಕ್ಕೂ ಹೆಚ್ಚು ಬಾಗಿಲು ತಟ್ಟಿದ ಹಾಗೆ.

"1984ರ ಜನವರಿ 1ನ್ನು ಸೊನ್ನೆ ಎಂದಿಟ್ಟುಕೊಂಡು ದಿನ ಎಣಿಸೋ" ಎಂದೆ. ಈಗ ಕೊನೆಯ ಗೂಡಿನ ಸಂಖ್ಯೆ 14,609. ಇಂಚುಗಳನ್ನು ಸೆಂಟ್ ಮಾಡಿಸಿದೆ. ಬರೆಯದ ಒಂಬತ್ತು ದಿನಗಳಿಗೆ ಸೊನ್ನೆ ಹಾಕಲು ಹೊರಟಾಗ ತಡೆದೆ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದರ್ಥ, ಗೊತ್ತಿಲ್ಲ ಎಂದಲ್ಲ. ಸೊನ್ನೆ ಹಾಕಿದ್ದರೆ ಆ ಜುಲೈ ಬರಗಾಲದ ಜುಲೈ ಆಗಿಬಿಡುತ್ತಿತ್ತು. -1 ಹಾಕಿಸಿ, ಮೊತ್ತ ಮಾಡುವಾಗ ಅದನ್ನು ಬಿಟ್ಟು ಕೂಡಿಸಲು ಹೇಳಿದೆ. -1 ಕೂಡ ಚಿಕ್ಕ ಪೂರ್ಣಾಂಕವೇ ಆದ್ದರಿಂದ ವರ್ಗ ಕೆಡುವುದಿಲ್ಲ.

ಹಳೆಯ ಕಂಪ್ಯೂಟರಿನಲ್ಲೇ ಕಣ್ಣು ಮಿಟುಕಿಸುವಷ್ಟರಲ್ಲಿ ನಕ್ಷೆ ಬಂತು. ತಂದೆಯವರು ಮೆಣಸಿನ ಮಾತು ಮತ್ತೆ ಎತ್ತಲಿಲ್ಲ. ಕನ್ನಡಕ ಏರಿಸಿ ನೋಡುತ್ತಿದ್ದ ಅಜ್ಜ ಮಾತ್ರ ಆ ಒಂಬತ್ತು ದಿನಗಳ ಮೇಲೆ ಬೆರಳಿಟ್ಟರು.

"ಇದು ಪಕ್ಕದ ತೋಟದವರ ಪುಸ್ತಕದಲ್ಲಿ ಸಿಗುತ್ತೆ ಕಣೋ. ಆದ್ರೆ ಅವರು ಮಿಲಿಮೀಟರಲ್ಲಿ ಬರೀತಾರೆ."

ಇಂಚಿಗೆ 25.4 ಮಿಲಿಮೀಟರ್. ಭಾಗಿಸಿದರೆ ಮತ್ತೆ ದಶಮಾಂಶ. ಹುಡುಗ ನನ್ನ ಮುಖ ನೋಡಿದ.